ದೇವರಿಗೆ ಮೊದಲ ಸ್ಥಾನ: ಕ್ರೈಸ್ತ ಬದುಕಿನ ಕೆಲವು ಪಾಠಗಳು

ದೇವರನ್ನು ನಂಬುವ ಯಾವ ಮನುಷ್ಯನನ್ನಾದರೂ ಕೇಳಿ ನೋಡಿ: "ನಿಮ್ಮ ಬದುಕಿನಲ್ಲಿ ಮೊದಲ ಸ್ಥಾನ ಯಾರಿಗೆ?" ಆತನು ಹೆಚ್ಚು ಯೋಚಿಸದೆ "ದೇವರಿಗೆ" ಎಂದು ಉತ್ತರಿಸುವನು. ಆದರೆ ಅದೇ ಮನುಷ್ಯನು ಒಂದು ದಿನ ಬೆಳಗಿನಿಂದ ರಾತ್ರಿಯವರೆಗೆ ಕೈಗೊಂಡ ನಿರ್ಧಾರಗಳನ್ನೆಲ್ಲ ಒಂದು ಕಾಗದದಲ್ಲಿ ಬರೆದಿಟ್ಟರೆ ಆ ಪಟ್ಟಿಯಲ್ಲಿ ದೇವರಿಗೆ ಸಿಕ್ಕಿದ ಸ್ಥಾನ ಯಾವುದು? ಅಂಗಡಿಯಲ್ಲಿ ಬೆಲೆ ಹೇಳುವಾಗ, ಕಚೇರಿಯಲ್ಲಿ ಕಾಗದಕ್ಕೆ ಸಹಿ ಹಾಕುವಾಗ, ಮಗಳ ಮದುವೆಯ ಖರ್ಚನ್ನು ಲೆಕ್ಕ ಹಾಕುವಾಗ, ಮಾತು ಬಿಟ್ಟ ತಮ್ಮನ ಮನೆಯ ಮುಂದೆ ಹಾದುಹೋಗುವಾಗ ಆತನು ಯಾರನ್ನು ನೆನೆದನು? ನಾಲಿಗೆಯ ಉತ್ತರಕ್ಕೂ ಪಟ್ಟಿಯ ಉತ್ತರಕ್ಕೂ ಎಷ್ಟು ಅಂತರವಿದೆಯೋ ನಮ್ಮ ವಿಶ್ವಾಸಕ್ಕೂ ನಮ್ಮ ಬದುಕಿಗೂ ಅಷ್ಟೇ ಅಂತರವಿದೆ.

ಈ ಅಂತರವನ್ನು ಹೇಗೆ ಕಡಿಮೆ ಮಾಡಿಕೊಳ್ಳಬೇಕೆಂಬ ಪ್ರಶ್ನೆ ಯಾವ ಒಂದು ಸಮುದಾಯದ ಸ್ವತ್ತೂ ಅಲ್ಲ. ನಮ್ಮ ನೆರೆಯಲ್ಲಿ ಬಾಳುವ ಕ್ರೈಸ್ತ ಸಹೋದರರು ಈ ಪ್ರಶ್ನೆಯನ್ನು ಹೇಗೆ ಎದುರಿಸಿದ್ದಾರೆಂದು ಅರಿಯುವುದು ಪ್ರಸ್ತುತ ಲೇಖನದ ಉದ್ದೇಶ. ಒಂದು ಸಮುದಾಯದ ಬಗ್ಗೆ ತಿಳಿಯಬೇಕಾದರೆ ಅದರ ಒಳ್ಳೆಯವರು ತಮ್ಮ ಧರ್ಮವನ್ನು ಹೇಗೆ ಅರ್ಥ ಮಾಡಿಕೊಂಡು ಬದುಕಿದರೆಂದು ನೋಡುವುದೇ ನ್ಯಾಯದ ಮಾರ್ಗ. ಎರಡು ಧರ್ಮಗಳ ಸಿದ್ಧಾಂತ ಭೇದಗಳ ಚರ್ಚೆಗೆ ಬೇರೆ ಸಂದರ್ಭಗಳಿವೆ. ಇಲ್ಲಿ ನಮ್ಮ ಗಮನ ನಡತೆಯ ಮೇಲೆ ಮಾತ್ರ.

ಮೂರು "ಮೊದಲು"ಗಳು

ಹೊಸ ಒಡಂಬಡಿಕೆಯ ಮತ್ತಾಯನ ಸುವಾರ್ತೆಯಲ್ಲಿ 5ರಿಂದ 7ರವರೆಗಿನ ಅಧ್ಯಾಯಗಳನ್ನು ಪರ್ವತ ಪ್ರಸಂಗ ಎನ್ನುತ್ತಾರೆ. ಮುಸ್ಲಿಮರು ಪ್ರವಾದಿ ಈಸಾ ಎಂದು ಗೌರವಿಸುವ ಯೇಸುವಿನ ಉಪದೇಶವೆಂದು ಕ್ರೈಸ್ತರು ಅತಿ ಹೆಚ್ಚಾಗಿ ನೆನೆಯುವ ಭಾಗವಿದು. ಇದರಲ್ಲಿ "ಮೊದಲು" ಎಂಬ ಮಾತು ಮೂರು ಮುಖ್ಯ ಕಡೆಗಳಲ್ಲಿ ಬರುತ್ತದೆ. ಈ ಮೂರನ್ನೂ ಒಟ್ಟಿಗೆ ಓದಿದಾಗ ದೇವರನ್ನು ಮೊದಲಿಡುವುದೆಂದರೇನು ಎಂಬುದು ಸ್ಪಷ್ಟವಾಗುತ್ತದೆ.

ಎಲ್ಲರಿಗೂ ತಿಳಿದಿರುವುದು ಆರನೆಯ ಅಧ್ಯಾಯದಲ್ಲಿದೆ. ದೇವರ ರಾಜ್ಯವನ್ನೂ ಆತನ ನೀತಿಯನ್ನೂ ಮೊದಲು ಹುಡುಕಬೇಕು, ಉಳಿದುದನ್ನು ದೇವರು ಒದಗಿಸುವನು ಎಂಬುದು ಅದರ ತಾತ್ಪರ್ಯ. ಇದು ಯಾವ ಸಂದರ್ಭದಲ್ಲಿ ಬಂದ ಮಾತೆಂಬುದನ್ನು ಗಮನಿಸಬೇಕು. ಅದಕ್ಕೆ ಮುಂಚೆ ನಡೆಯುತ್ತಿದ್ದ ಪ್ರಸ್ತಾಪ ಅನ್ನದ್ದು ಮತ್ತು ಬಟ್ಟೆಯದ್ದು. ಬಿತ್ತದ, ಕೊಯ್ಯದ ಹಕ್ಕಿಗಳ ಮತ್ತು ದುಡಿಯದ, ನೂಲದ ಹೂಗಳ ಉದಾಹರಣೆ ಅಲ್ಲಿದೆ. ಒಬ್ಬ ಸೇವಕನು ಇಬ್ಬರು ಒಡೆಯರ ಕೈಕೆಳಗೆ ದುಡಿಯಲಾರ, ದೇವರು ಮತ್ತು ಧನ ಎರಡನ್ನೂ ಒಡೆಯರಾಗಿ ಇಟ್ಟುಕೊಳ್ಳಲಾಗದು ಎಂಬ ಎಚ್ಚರಿಕೆಯೂ ಅದೇ ಅಧ್ಯಾಯದಲ್ಲಿದೆ. ಅಂದರೆ ದೇವರಿಗೆ ಮೊದಲ ಸ್ಥಾನ ಎಂಬ ಮಾತು ಹುಟ್ಟಿದ್ದೇ ಅಡುಗೆಮನೆಯ ಮತ್ತು ಹಣದ ಚೀಲದ ಚಿಂತೆಯ ನಡುವೆ.

ಎರಡನೆಯ "ಮೊದಲು" ಐದನೆಯ ಅಧ್ಯಾಯದಲ್ಲಿದೆ. ಕಾಣಿಕೆಯನ್ನು ಯಜ್ಞವೇದಿಯ ಬಳಿಗೆ ತಂದವನಿಗೆ ತನ್ನ ಸಹೋದರನ ಮನಸ್ಸಿನಲ್ಲಿ ತನ್ನ ಮೇಲೆ ದೂರಿದೆ ಎಂಬುದು ಅಲ್ಲಿ ನೆನಪಾದರೆ ಆತನು ಕಾಣಿಕೆಯನ್ನು ಅಲ್ಲೇ ಬಿಡಬೇಕು, ಮೊದಲು ಹೋಗಿ ಸಹೋದರನೊಂದಿಗೆ ರಾಜಿಯಾಗಬೇಕು, ಅನಂತರ ಬಂದು ಅರ್ಪಿಸಬೇಕು. ಈ ಮಾತನ್ನು ಕೇಳುತ್ತಿದ್ದವರಲ್ಲಿ ಗಲಿಲಾಯ ಪ್ರದೇಶದ ಜನರೂ ಇದ್ದರು. ವೇದಿಯಿದ್ದುದು ಯೆರೂಸಲೇಮಿನ ದೇವಾಲಯದಲ್ಲಿ, ಅಲ್ಲಿಂದ ಹಲವು ದಿನಗಳ ಕಾಲ್ನಡಿಗೆಯ ದೂರದಲ್ಲಿ. ಊರಿನಲ್ಲಿರುವ ಸಹೋದರನೊಂದಿಗೆ ರಾಜಿಯಾಗಲು ಅಷ್ಟು ದೂರ ಹಿಂದಿರುಗಿ ಮತ್ತೆ ಬರುವುದು ಸಣ್ಣ ಮಾತಾಗಿರಲಿಲ್ಲ.

ಮೂರನೆಯದು ಏಳನೆಯ ಅಧ್ಯಾಯದಲ್ಲಿದೆ. ಸಹೋದರನ ಕಣ್ಣಿನಲ್ಲಿರುವ ಕಸವನ್ನು ತೆಗೆಯಲು ಹೊರಡುವವನು ಮೊದಲು ತನ್ನ ಕಣ್ಣಿನಲ್ಲಿರುವ ತೊಲೆಯನ್ನು ತೆಗೆದುಹಾಕಬೇಕು.

ಮೊದಲು ದೇವರ ನೀತಿ, ಮೊದಲು ಸಹೋದರನೊಡನೆ ಸಮಾಧಾನ, ಮೊದಲು ತನ್ನ ದೋಷದ ತಿದ್ದುಪಡಿ. ಮೂರೂ ಮೊದಲಾಗುವುದು ಹೇಗೆ ಎಂದು ಯಾರಾದರೂ ಕೇಳಬಹುದು. ವಸ್ತುತಃ ಇವು ಒಂದಕ್ಕೊಂದು ಸ್ಪರ್ಧಿಗಳಲ್ಲ. ದೇವರನ್ನು ಮೊದಲಿಟ್ಟವನು ಸಹೋದರನನ್ನು ಹಿಂದೆ ತಳ್ಳಲಾರ, ತನ್ನನ್ನು ತಾನೇ ಮುಂದೆ ತಳ್ಳಿಕೊಳ್ಳಲಾರ. ಯೇಸು ಕಲಿಸಿದ ಪ್ರಾರ್ಥನೆಯ ಅನುಕ್ರಮವೂ ಇದನ್ನೇ ಹೇಳುತ್ತದೆ. ಅದರಲ್ಲಿ ಮೊದಲು ಬರುವುದು ದೇವರ ನಾಮ, ದೇವರ ರಾಜ್ಯ, ದೇವರ ಚಿತ್ತ. ದಿನದ ಆಹಾರದ ಬೇಡಿಕೆ ಅದರ ನಂತರ. ಆಮೇಲೆ ತಪ್ಪಿನ ಕ್ಷಮೆಯನ್ನು ಬೇಡುವಾಗ ತನಗೆ ತಪ್ಪು ಮಾಡಿದವರನ್ನು ತಾನು ಕ್ಷಮಿಸಿರುವ ವಿಚಾರವೂ ಸೇರಿ ಬರುತ್ತದೆ.

ಇನ್ನೊಂದು ಅಂಶವನ್ನು ಇಲ್ಲಿ ಹೇಳದಿದ್ದರೆ ಕ್ರೈಸ್ತರ ದೃಷ್ಟಿ ಪೂರ್ಣವಾಗದು. ಯೋಹಾನನ ಮೊದಲನೆಯ ಪತ್ರದಲ್ಲಿ ಮತ್ತೊಂದು "ಮೊದಲು" ಇದೆ. ದೇವರು ಮೊದಲು ಮನುಷ್ಯನನ್ನು ಪ್ರೀತಿಸಿದ್ದರಿಂದಲೇ ಮನುಷ್ಯನು ಪ್ರೀತಿಸಬಲ್ಲನು ಎಂಬುದು ಅದರ ಆಶಯ. ಆದುದರಿಂದ ದೇವರನ್ನು ಮೊದಲಿಡುವುದು ಅವರ ದೃಷ್ಟಿಯಲ್ಲಿ ಮೋಕ್ಷವನ್ನು ಖರೀದಿಸುವ ಬೆಲೆಯಲ್ಲ, ಸಿಕ್ಕಿದ ಪ್ರೀತಿಗೆ ತೋರುವ ಕೃತಜ್ಞತೆ.

ಅಂಗಡಿಯ ಬೆಲೆ

ಈ ಉಪದೇಶವು ಮಾರುಕಟ್ಟೆಗೆ ಇಳಿದಾಗ ಏನಾಯಿತು? 17ನೆಯ ಶತಮಾನದ ಇಂಗ್ಲೆಂಡಿನಲ್ಲಿ ಜಾರ್ಜ್ ಫಾಕ್ಸ್ (1624-1691) ಎಂಬವರ ನೇತೃತ್ವದಲ್ಲಿ ಒಂದು ಕ್ರೈಸ್ತ ಪಂಗಡ ಹುಟ್ಟಿತು. ಅವರು ತಮ್ಮನ್ನು "ಸ್ನೇಹಿತರು" ಎಂದು ಕರೆದುಕೊಂಡರು, ಲೋಕವು ಅವರನ್ನು ಕ್ವೇಕರರೆಂದು ಕರೆಯಿತು. ಹೌದೆಂದರೆ ಹೌದು, ಅಲ್ಲವೆಂದರೆ ಅಲ್ಲ ಎಂಬಂತೆ ಮಾತು ನೇರವಾಗಿರಬೇಕೆಂಬ ಪರ್ವತ ಪ್ರಸಂಗದ ಆದೇಶವನ್ನು ಅವರು ಅಕ್ಷರಶಃ ಪಾಲಿಸಿದರು. ಸದಾ ಸತ್ಯ ಹೇಳಬೇಕಾದವನಿಗೆ ಪ್ರಮಾಣವೇಕೆ ಎಂದು ನ್ಯಾಯಾಲಯದಲ್ಲಿ ಪ್ರಮಾಣ ಮಾಡಲು ಒಪ್ಪಲಿಲ್ಲ. ಅದಕ್ಕಾಗಿ ಬಹಳ ಮಂದಿ ಸೆರೆಮನೆ ಸೇರಿದರು. ಪ್ರಮಾಣದ ಬದಲು ಸರಳ ದೃಢೀಕರಣ ಸಾಕೆಂಬ ಕಾನೂನು ಇಂಗ್ಲೆಂಡಿನಲ್ಲಿ ಬಂದುದು 1696ರಲ್ಲಿ.

ಇದೇ ನಿಯಮವನ್ನು ಅವರು ಅಂಗಡಿಗೂ ತಂದರು. ಮೊದಲು ಹೆಚ್ಚು ಬೆಲೆ ಹೇಳಿ ಅನಂತರ ಚೌಕಾಸಿಯಲ್ಲಿ ಇಳಿಸುವುದು ಅಂದಿನ ರೂಢಿ. ಒಂದು ವಸ್ತುವಿಗೆ ಎರಡು ಬೆಲೆ ಹೇಳಿದರೆ ಒಂದು ಸುಳ್ಳಾಗಲೇಬೇಕಲ್ಲವೇ? ಆದ್ದರಿಂದ ಅವರು ಎಲ್ಲರಿಗೂ ಒಂದೇ ಬೆಲೆ ಇಟ್ಟರು. ಆರಂಭದಲ್ಲಿ ಗಿರಾಕಿಗಳು ಅವರನ್ನು ಬಿಟ್ಟು ಹೋದರು, ಕೆಲವರಿಗೆ ಹೊಟ್ಟೆಪಾಡೇ ಕಷ್ಟವಾಯಿತು. ಕ್ರಮೇಣ ಜನರಿಗೆ ಸತ್ಯ ತಿಳಿಯಿತು: ಈ ಅಂಗಡಿಗೆ ಮಗುವನ್ನು ಕಳುಹಿಸಿದರೂ ಮೋಸವಾಗದು. ಆಗ ವ್ಯಾಪಾರ ಅವರ ಕಡೆಗೇ ಹರಿಯಿತು. ಇದನ್ನು ಫಾಕ್ಸ್ ತಮ್ಮ ದಿನಚರಿಯಲ್ಲಿ ದಾಖಲಿಸಿದ್ದಾರೆ. ಆದರೆ ಒಂದೇ ಬೆಲೆ ಇಟ್ಟ ಮೊದಲ ದಿನ ಅವರಿಗೆ ಈ ಫಲಿತಾಂಶ ಗೊತ್ತಿರಲಿಲ್ಲ, ಗೊತ್ತಿದ್ದುದು ನಷ್ಟ ಮಾತ್ರ.

ಒಬ್ಬ ಗುಮಾಸ್ತನ ಲೇಖನಿ

ಇದೇ ಪಂಗಡದ ಜಾನ್ ವುಲ್ಮನ್ ಎಂಬವರ ಬದುಕು ಇನ್ನೂ ಹೆಚ್ಚು ಪಾಠಗಳನ್ನು ಕಲಿಸುತ್ತದೆ. ಅವರು 1720ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಹುಟ್ಟಿದರು. ತಾರುಣ್ಯದಲ್ಲಿ ಮೌಂಟ್ ಹಾಲಿ ಎಂಬ ಊರಿನ ಒಬ್ಬ ವ್ಯಾಪಾರಿಯ ಬಳಿ ಲೆಕ್ಕಪತ್ರ ನೋಡುವ ಕೆಲಸಕ್ಕೆ ಸೇರಿದರು. ಆಗ ಅಲ್ಲಿ ಗುಲಾಮಗಿರಿ ಕಾನೂನುಬದ್ಧವಾಗಿತ್ತು. ನಿಯಮಿತವಾಗಿ ಪ್ರಾರ್ಥನಾ ಸಭೆಗೆ ಬರುವ ಕ್ವೇಕರರಲ್ಲೂ ಗುಲಾಮರ ಒಡೆಯರಿದ್ದರು.

ಒಂದು ದಿನ ಯಜಮಾನನು ತನ್ನ ಗುಲಾಮಳಾದ ಒಬ್ಬ ಕಪ್ಪು ಮಹಿಳೆಯನ್ನು ಮಾರಿ, ಅದರ ಕ್ರಯಪತ್ರವನ್ನು ಬರೆಯಲು ವುಲ್ಮನ್‌ಗೆ ಹೇಳಿದನು. ಕೊಳ್ಳುವವನು ಅಲ್ಲೇ ಕಾಯುತ್ತಿದ್ದ, ಅವನು ಅದೇ ಪಂಗಡದ ಒಬ್ಬ ವೃದ್ಧ. ಆಜ್ಞಾಪಿಸಿದವನು ಸಂಬಳ ಕೊಡುವ ಒಡೆಯ. ವುಲ್ಮನ್ ಪತ್ರವನ್ನು ಬರೆದುಕೊಟ್ಟರು, ಆದರೆ ಅವರ ಅಂತರಾತ್ಮ ಎಷ್ಟು ನೊಂದಿತೆಂದರೆ ಆ ಇಬ್ಬರ ಮುಂದೆಯೇ, ಗುಲಾಮರನ್ನು ಇಟ್ಟುಕೊಳ್ಳುವುದು ಕ್ರೈಸ್ತ ಧರ್ಮಕ್ಕೆ ಒಗ್ಗದ ಕೆಲಸವೆಂದು ತಾನು ನಂಬಿರುವುದಾಗಿ ಹೇಳಿದರು. ಹೇಳಿದ್ದರಿಂದ ಮನಸ್ಸಿನ ಭಾರ ಸ್ವಲ್ಪ ಇಳಿದರೂ ಸಮಾಧಾನವಾಗಲಿಲ್ಲ. ಬರೆಯುವುದಿಲ್ಲವೆಂದೇ ಹೇಳಬೇಕಾಗಿತ್ತು ಎಂದು ಅವರಿಗೆ ಮತ್ತೆ ಮತ್ತೆ ಅನಿಸಿತು. ಸ್ವಲ್ಪ ಕಾಲದ ನಂತರ ಅದೇ ಪಂಗಡದ ಒಬ್ಬ ಯುವಕನು ಇಂತಹುದೇ ಪತ್ರ ಬರೆಸಲು ಬಂದಾಗ ವುಲ್ಮನ್ ಸ್ಪಷ್ಟವಾಗಿ ನಿರಾಕರಿಸಿದರು.

ಇನ್ನೊಂದು ಘಟನೆಯನ್ನು ನೋಡಿ. ಪೆಟ್ಟು ಬಿದ್ದು ಹಾಸಿಗೆ ಹಿಡಿದಿದ್ದ ನೆರೆಯವನೊಬ್ಬನು ಉಯಿಲು ಬರೆಯಲು ಅವರನ್ನು ಕರೆಸಿದನು. ತನ್ನ ಸೊತ್ತುಗಳ ಜೊತೆಗೆ ಒಬ್ಬ ಗುಲಾಮ ಹುಡುಗಿಯನ್ನು ಯಾವ ಮಗುವಿಗೆ ಕೊಡಬೇಕೆಂಬುದನ್ನೂ ಹೇಳಿದನು. ಸಾಯುವ ಸ್ಥಿತಿಯಲ್ಲಿರುವವನೊಂದಿಗೆ ವಾದಿಸುವುದೇ? ಸುಮ್ಮನೆ ಬರೆದುಕೊಡುವುದೇ? ವುಲ್ಮನ್ ಹುಡುಗಿಯ ವಿಷಯವನ್ನು ಬಿಟ್ಟು ಉಳಿದೆಲ್ಲವನ್ನೂ ಬರೆದರು. ಆ ಕಾಗದವನ್ನು ಹಾಸಿಗೆಯ ಬಳಿಗೆ ಒಯ್ದು, ಸ್ನೇಹದಿಂದಲೇ ಹೇಳಿದರು: ನನ್ನ ಲೇಖನಿಯಿಂದ ಒಬ್ಬರನ್ನು ಗುಲಾಮರನ್ನಾಗಿಸಿದರೆ ನನಗೆ ಮನಶ್ಶಾಂತಿ ಇರದು, ಬರೆದಷ್ಟಕ್ಕೆ ನನಗೆ ಹಣ ಬೇಡ, ಉಳಿದುದಕ್ಕೆ ನನ್ನನ್ನು ಬಿಟ್ಟುಬಿಡಿ. ಇಬ್ಬರೂ ಗಂಭೀರವಾಗಿ ಮಾತನಾಡಿದರು. ಕೊನೆಗೆ ರೋಗಿಯು ಹುಡುಗಿಯನ್ನು ಬಿಡುಗಡೆ ಮಾಡಲು ಒಪ್ಪಿದನು, ವುಲ್ಮನ್ ಉಯಿಲನ್ನು ಪೂರ್ಣಗೊಳಿಸಿದರು. ಅವರು ಗದರಲಿಲ್ಲ, ಶಾಪ ಹಾಕಲಿಲ್ಲ. ತನ್ನ ಕೈ ಏನು ಮಾಡದು ಎಂಬುದನ್ನಷ್ಟೇ ಹೇಳಿದರು. ಅದರಿಂದ ಒಂದು ಜೀವ ಬಂಧಮುಕ್ತವಾಯಿತು.

ಗುಲಾಮರ ಒಡೆಯರ ಮನೆಗಳಲ್ಲಿ ಅತಿಥಿಯಾಗಿ ಉಳಿಯಬೇಕಾದ ಪ್ರವಾಸಗಳಲ್ಲಿ ಅವರು ಬಿಟ್ಟಿ ದುಡಿಮೆಯ ಆತಿಥ್ಯವನ್ನು ಉಚಿತವಾಗಿ ಸ್ವೀಕರಿಸಲಿಲ್ಲ, ಸೇವೆ ಮಾಡಿದ ಗುಲಾಮರಿಗೆ ಬೆಳ್ಳಿಯ ನಾಣ್ಯಗಳು ತಲುಪುವಂತೆ ನೋಡಿಕೊಂಡರು. ಸ್ವಂತ ಅಂಗಡಿಯ ವ್ಯಾಪಾರ ಬೆಳೆದು ಮನಸ್ಸನ್ನೂ ಸಮಯವನ್ನೂ ನುಂಗತೊಡಗಿದಾಗ ಗಿರಾಕಿಗಳಿಗೆ ಮುಂಚಿತವಾಗಿ ತಿಳಿಸಿ ಅದನ್ನು ಬಿಟ್ಟುಬಿಟ್ಟರು. ಹೊಲಿಗೆಯಿಂದಲೂ ಸೇಬಿನ ತೋಟದಿಂದಲೂ ಸಂಸಾರ ಸಾಗಿಸಿದರು. ಲಾಭ ಬರುತ್ತಿದ್ದ ಅಂಗಡಿಯನ್ನು ನಷ್ಟದ ಭಯವಿಲ್ಲದೆ, ಲಾಭದ ಭಯದಿಂದ ಮುಚ್ಚಿದವರು ಎಷ್ಟು ಮಂದಿ ಸಿಗುತ್ತಾರೆ?

1758ರಲ್ಲಿ ಫಿಲಡೆಲ್ಫಿಯಾದ ಕ್ವೇಕರ್ ವಾರ್ಷಿಕ ಸಭೆಯು ಗುಲಾಮರನ್ನು ಬಿಡುಗಡೆ ಮಾಡುವಂತೆ ತನ್ನ ಸದಸ್ಯರ ಮನವೊಲಿಸಲು ಒಂದು ಸಮಿತಿಯನ್ನು ನೇಮಿಸಿತು. ವುಲ್ಮನ್ ಅದರಲ್ಲಿ ಒಬ್ಬರು. ಅವರು 1772ರಲ್ಲಿ ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ ಸಿಡುಬಿನಿಂದ ತೀರಿಕೊಂಡರು. 1776ರಲ್ಲಿ ಅದೇ ವಾರ್ಷಿಕ ಸಭೆಯು ತನ್ನ ಸದಸ್ಯರು ಗುಲಾಮರನ್ನು ಇಟ್ಟುಕೊಳ್ಳುವುದನ್ನು ನಿಷೇಧಿಸಿತು. ವುಲ್ಮನ್‌ಗೆ ಆ ದಿನವನ್ನು ಕಾಣುವ ಭಾಗ್ಯ ಇರಲಿಲ್ಲ.

ನಿರ್ಧಾರದ ಸಮಯ

ಹಲವರು ಪರೀಕ್ಷೆಯ ಘಳಿಗೆಯಲ್ಲಿ ಸೋಲುತ್ತಾರೆ, ಏಕೆಂದರೆ ಅವರು ಯೋಚಿಸಲು ಆರಂಭಿಸುವುದೇ ಆ ಘಳಿಗೆಯಲ್ಲಿ. ಸ್ಕಾಟ್ಲೆಂಡಿನ ಓಟಗಾರ ಎರಿಕ್ ಲಿಡೆಲ್ (1902-1945) ಇದಕ್ಕೆ ವಿರುದ್ಧವಾದ ಉದಾಹರಣೆ. ಭಾನುವಾರವು ದೇವರಿಗೆ ಮೀಸಲಾದ ದಿನ, ಅಂದು ಆಟದ ಸ್ಪರ್ಧೆ ಸಲ್ಲದು ಎಂಬುದು ಅವರ ದೃಢ ನಂಬಿಕೆಯಾಗಿತ್ತು. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅವರ ನೆಚ್ಚಿನ 100 ಮೀಟರ್ ಓಟದ ಆರಂಭಿಕ ಸುತ್ತು ಜುಲೈ 6ರ ಭಾನುವಾರ ಬಂದಿತ್ತು. 1981ರ ಪ್ರಸಿದ್ಧ ಇಂಗ್ಲಿಷ್ ಚಲನಚಿತ್ರ "ಚಾರಿಯಟ್ಸ್ ಆಫ್ ಫೈರ್" ಈ ಸುದ್ದಿ ಅವರಿಗೆ ಹಡಗು ಹತ್ತುವಾಗ ತಿಳಿಯಿತೆಂದು ತೋರಿಸುತ್ತದೆ. ನಿಜವಾಗಿ ಅವರಿಗೆ ತಿಂಗಳುಗಳ ಮುಂಚೆಯೇ ವೇಳಾಪಟ್ಟಿ ಗೊತ್ತಿತ್ತು, ಆಗಲೇ ಅವರು ಹಿಂದೆ ಸರಿದಿದ್ದರು. ಆ ತಿಂಗಳುಗಳನ್ನು 400 ಮೀಟರ್ ಓಟದ ಅಭ್ಯಾಸಕ್ಕೆ ಬಳಸಿಕೊಂಡರು. ಜುಲೈ 11ರಂದು 47.6 ಸೆಕೆಂಡುಗಳಲ್ಲಿ ಓಡಿ ಚಿನ್ನ ಗೆದ್ದರು.

ಗೆಲುವನ್ನೇ ಈ ಕಥೆಯ ಪಾಠವೆಂದು ಭಾವಿಸಿದರೆ ತಪ್ಪಾದೀತು. ದೇವರನ್ನು ಮೊದಲಿಟ್ಟರೆ ಬೇರೊಂದು ಪದಕ ಖಂಡಿತ ಎಂಬುದು ವ್ಯಾಪಾರದ ಲೆಕ್ಕ. ಲಿಡೆಲ್ ಮರುವರ್ಷ ತಾನು ಹುಟ್ಟಿದ ಚೀನಾಕ್ಕೆ ಮರಳಿ ಶಿಕ್ಷಕರಾದರು. ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರ ಬಂಧನ ಶಿಬಿರ ಸೇರಿ, 1945ರ ಫೆಬ್ರವರಿ 21ರಂದು ಮೆದುಳಿನ ಗಡ್ಡೆಯಿಂದ ಅಲ್ಲೇ ತೀರಿಕೊಂಡರು. ಆ ಶಿಬಿರದ ಬಗ್ಗೆ ಅವರ ಸಹಬಂಧಿಗಳು ನೆನೆದಿರುವ ಒಂದು ಸಂಗತಿ ಗಮನಾರ್ಹ. ಭಾನುವಾರ ಆಟವಿಲ್ಲದೆ ಮಕ್ಕಳು ಜಗಳಕ್ಕಿಳಿದಾಗ, ಒಲಿಂಪಿಕ್ ಪದಕಕ್ಕಾಗಿಯೂ ಭಾನುವಾರ ಓಡದಿದ್ದ ಅದೇ ಲಿಡೆಲ್ ಭಾನುವಾರ ಅವರ ಹಾಕಿ ಪಂದ್ಯಕ್ಕೆ ತೀರ್ಪುಗಾರರಾಗಿ ನಿಂತರು. ತನ್ನ ಕೀರ್ತಿಗಾಗಿ ಸಡಿಲಿಸದ ನಿಯಮವನ್ನು ಅವರು ಮಕ್ಕಳ ಹಿತಕ್ಕಾಗಿ ಸಡಿಲಿಸಿದರು. ದಿನಗಳ ಆಚರಣೆಯ ವಿಷಯದಲ್ಲಿ ಎಲ್ಲ ಕ್ರೈಸ್ತರೂ ಏಕಾಭಿಪ್ರಾಯದವರಲ್ಲ. ಪ್ರತಿಯೊಬ್ಬನೂ ತನ್ನ ಮನಸ್ಸಿನಲ್ಲಿ ನಿಶ್ಚಯ ಮಾಡಿಕೊಳ್ಳಲಿ ಎಂಬ ಅರ್ಥದ ಮಾತು ರೋಮಾಪುರದವರಿಗೆ ಪೌಲನು ಬರೆದ ಪತ್ರದಲ್ಲಿದೆ.

ಸಂದಿಗ್ಧದಲ್ಲಿ ದಾರಿ

ಸರಿ ತಪ್ಪುಗಳು ಸ್ಪಷ್ಟವಾಗಿರುವಲ್ಲಿ ಧೈರ್ಯ ಬೇಕು. ಆದರೆ ಎರಡೂ ಮಾರ್ಗಗಳು ಒಳ್ಳೆಯವೆಂದು ಕಾಣುವಾಗ? ಊರಲ್ಲೇ ಇರುವುದೋ, ಕೆಲಸಕ್ಕಾಗಿ ದೂರ ಹೋಗುವುದೋ? ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜನ್ನು 1880ರಲ್ಲಿ ಸ್ಥಾಪಿಸಿದ ಜೆಸ್ವಿಟ್ ಪಾದ್ರಿಗಳ ಸಂಘವನ್ನು ನಮ್ಮ ಓದುಗರಲ್ಲಿ ಬಹಳ ಮಂದಿ ಬಲ್ಲರು. ಆ ಸಂಘದ ಸ್ಥಾಪಕ ಇಗ್ನೇಷಿಯಸ್ ಲೊಯೊಲಾ (1491-1556) ಇಂತಹ ಸಂದರ್ಭಕ್ಕೆಂದು ಒಂದು ಕ್ರಮವನ್ನು ಕಲಿಸಿದರು. ಮೊದಲು ಯಾವ ಕಡೆಗೂ ವಾಲದ ತಕ್ಕಡಿಯ ಮುಳ್ಳಿನಂತೆ ಮನಸ್ಸನ್ನು ಮಧ್ಯದಲ್ಲಿ ನಿಲ್ಲಿಸಬೇಕು. ಅನಂತರ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ನಾನು ಎಂದೂ ಕಾಣದ ಒಬ್ಬನು ಇದೇ ಸಮಸ್ಯೆಯೊಂದಿಗೆ ಬಂದರೆ ಆತನ ಹಿತಕ್ಕಾಗಿ ಏನು ಸಲಹೆ ಕೊಡುವೆನು? ಮರಣಶಯ್ಯೆಯಲ್ಲಿ ಮಲಗಿ ನೋಡುವಾಗ ಏನು ನಿರ್ಧರಿಸಿರಬೇಕಿತ್ತೆಂದು ಬಯಸುವೆನು? ಅಂತಿಮ ತೀರ್ಪಿನ ದಿನ ದೇವರ ಮುಂದೆ ನಿಂತಾಗ ಏನೆಂದು ಬಯಸುವೆನು? ಪರಲೋಕದ ಉತ್ತರದಾಯಿತ್ವದಲ್ಲಿ ನಂಬಿಕೆ ಇರುವ ಯಾರಿಗೂ ಈ ಪ್ರಶ್ನೆಗಳ ತೂಕವನ್ನು ವಿವರಿಸಬೇಕಾಗಿಲ್ಲ.

ಹಾಗೆಂದು ದೇವರ ಸ್ಮರಣೆ ದೊಡ್ಡ ನಿರ್ಧಾರಗಳಿಗೆ ಮಾತ್ರ ಸೀಮಿತವೆಂದು ಭಾವಿಸಬಾರದು. 17ನೆಯ ಶತಮಾನದಲ್ಲಿ ಪ್ಯಾರಿಸಿನ ಒಂದು ಮಠದ ಅಡುಗೆಮನೆಯಲ್ಲಿ ವರ್ಷಗಟ್ಟಲೆ ದುಡಿದ ಬ್ರದರ್ ಲಾರೆನ್ಸ್ ಎಂಬವರಿಗೆ ಸ್ವಭಾವತಃ ಆ ಕೆಲಸವೇ ಇಷ್ಟವಿರಲಿಲ್ಲ. ಆದರೂ ದೇವರ ಪ್ರೀತಿಗಾಗಿ ಮಾಡುತ್ತಾ ಮಾಡುತ್ತಾ, ಪಾತ್ರೆಗಳ ಸದ್ದಿನ ನಡುವೆಯೂ ಪ್ರಾರ್ಥನೆಯಲ್ಲಿರುವಷ್ಟೇ ದೇವರ ಸಾಮೀಪ್ಯವನ್ನು ಅನುಭವಿಸಿದರು.

ಬೆಲೆ ತೆರುವವರು ಯಾರು?

ಇನ್ನು ಒಂದು ಅಪಾಯದ ಬಗ್ಗೆ ಹೇಳಲೇಬೇಕು. ದೇವರ ಹೆಸರನ್ನು ಮುಂದಿಟ್ಟು ಕರ್ತವ್ಯದಿಂದ ಜಾರಿಕೊಳ್ಳುವುದೂ ಮನುಷ್ಯನಿಗೆ ಗೊತ್ತಿದೆ. ಮಾರ್ಕನ ಸುವಾರ್ತೆಯ ಏಳನೆಯ ಅಧ್ಯಾಯದಲ್ಲಿ ಯೇಸು ಇಂತಹವರನ್ನು ಕಟುವಾಗಿ ಖಂಡಿಸುತ್ತಾರೆ. ಅಂದು ಒಬ್ಬನು ತನ್ನ ಸೊತ್ತನ್ನು "ಕೊರ್ಬಾನ್", ಅಂದರೆ ದೇವರಿಗೆ ಅರ್ಪಿತವಾದುದು ಎಂದು ಘೋಷಿಸಿದರೆ ಅದರಿಂದ ತಂದೆತಾಯಿಗಳಿಗೆ ಸಹಾಯ ಮಾಡಬೇಕಾಗಿರಲಿಲ್ಲ. ನೋಡುವವರಿಗೆ ಇದು ದೇವಭಕ್ತಿ. ಆದರೆ ವೃದ್ಧ ತಂದೆತಾಯಿಗಳು ಬರಿಗೈಯಲ್ಲಿ ಉಳಿಯುತ್ತಿದ್ದರು. ಮನುಷ್ಯರ ಸಂಪ್ರದಾಯದಿಂದ ದೇವರ ಆಜ್ಞೆಯನ್ನೇ ರದ್ದು ಮಾಡುತ್ತೀರಿ ಎಂಬುದು ಯೇಸುವಿನ ಆಕ್ಷೇಪವಾಗಿತ್ತು. ತಂದೆತಾಯಿಗಳಿಗಿಂತಲೂ ಹೆಚ್ಚು ನಿಷ್ಠೆಯನ್ನು ಕೇಳಿದ ಅದೇ ಗುರು, ಆ ನಿಷ್ಠೆಯ ನೆಪದಲ್ಲಿ ತಂದೆತಾಯಿಗಳನ್ನು ಕೈಬಿಡುವುದನ್ನು ಒಪ್ಪಲಿಲ್ಲ.

ಹಾಗಾದರೆ ನಿಜವಾದ ದೇವಭಯವನ್ನೂ ನೆಪವನ್ನೂ ಬೇರ್ಪಡಿಸುವುದು ಹೇಗೆ? ಮೇಲಿನ ಉದಾಹರಣೆಗಳಲ್ಲೇ ಉತ್ತರವಿದೆ. ಕ್ವೇಕರ್ ವ್ಯಾಪಾರಿ ಕಳೆದುಕೊಂಡುದು ತನ್ನ ಗಿರಾಕಿಗಳನ್ನು. ವುಲ್ಮನ್ ಬಿಟ್ಟುಕೊಟ್ಟುದು ತನ್ನ ಸಂಭಾವನೆಯನ್ನು. ಲಿಡೆಲ್ ತ್ಯಜಿಸಿದುದು ತನ್ನ ಓಟವನ್ನು. ಕೊರ್ಬಾನ್ ಎಂದವನೋ ತನ್ನ ಭಕ್ತಿಯ ಖರ್ಚನ್ನು ತಂದೆತಾಯಿಗಳ ತಲೆಗೆ ಹಾಕಿದನು. "ದೇವರಿಗೆ ಮೊದಲ ಸ್ಥಾನ" ಎಂದು ನಾವು ನಿರ್ಧರಿಸಿದಾಗ ಅದರ ಬೆಲೆಯನ್ನು ತೆರುವವರು ಯಾರು? ನಾವೇ ತೆರುತ್ತಿದ್ದರೆ ಆ ನಿರ್ಧಾರದಲ್ಲಿ ಪ್ರಾಮಾಣಿಕತೆಯ ಲಕ್ಷಣವಿದೆ. ಹೆಂಡತಿ, ಮಕ್ಕಳು, ನೆರೆಯವರು, ಕೂಲಿಯಾಳು ಮಾತ್ರ ತೆರುತ್ತಿದ್ದು ನಮಗೆ ಹೆಸರಷ್ಟೇ ಸಿಗುತ್ತಿದ್ದರೆ, ಮೊದಲ ಸ್ಥಾನದಲ್ಲಿ ಕುಳಿತಿರುವುದು ದೇವರಲ್ಲ, ನಾವೇ.

ಇದನ್ನು ಇಂದಿನ ಬದುಕಿಗೆ ಅನ್ವಯಿಸುವುದು ಕಷ್ಟವಲ್ಲ. ಸುಳ್ಳು ಬಿಲ್ಲಿಗೆ ಸಹಿ ಹಾಕಲು ಮೇಲಧಿಕಾರಿ ಹೇಳಿದಾಗ ವುಲ್ಮನ್‌ರ ಲೇಖನಿಯನ್ನು ನೆನೆಯಬಹುದು. ಊರಿನವರು ಏನೆಂದಾರು ಎಂದು ಸಾಲ ಮಾಡಿ ಅದ್ಧೂರಿ ಮದುವೆಗೆ ಹೊರಟಾಗ ಇಬ್ಬರು ಒಡೆಯರ ಮಾತನ್ನು ನೆನೆಯಬಹುದು. ಪ್ರಾರ್ಥನೆಗೆ ನಿಂತಾಗ ಮಾತು ಬಿಟ್ಟ ತಮ್ಮನ ನೆನಪಾದರೆ, ಆ ನೆನಪು ಪ್ರಾರ್ಥನೆಗೆ ಅಡ್ಡಿಯಲ್ಲ, ಆತನ ಮನೆಗೆ ಹೋಗಲು ಬಂದ ಕರೆಯೆಂದು ತಿಳಿಯಬಹುದು.

ಪ್ರಿಯ ಓದುಗರೇ, ನೆರೆಯವನ ತೋಟದಲ್ಲಿ ಒಳ್ಳೆಯ ಫಲ ಕಂಡರೆ ಅದನ್ನು ಒಳ್ಳೆಯದೆನ್ನಲು ಸಂಕೋಚಪಡಬೇಕಾಗಿಲ್ಲ. ಅದನ್ನು ಕಂಡ ಮೇಲೆ ನಮ್ಮ ತೋಟದ ಕಡೆಗೆ ತಿರುಗಿ ನೋಡುವುದು ಮುಖ್ಯ. ಇಂದು ರಾತ್ರಿ ಮಲಗುವ ಮುನ್ನ ದಿನದ ನಿರ್ಧಾರಗಳನ್ನೊಮ್ಮೆ ಎಣಿಸಿ ನೋಡೋಣ. ಯಾವುದರಲ್ಲಿ ನಾವು ದೇವರಿಗಾಗಿ ಏನನ್ನಾದರೂ ಬಿಟ್ಟುಕೊಟ್ಟೆವು? ಒಂದೂ ಸಿಗದಿದ್ದರೆ ನಿರಾಶರಾಗಬೇಕಾಗಿಲ್ಲ. ನಾಳೆ ಬೆಳಿಗ್ಗೆ ಎದುರಾಗಲಿರುವ ಒಂದು ನಿರ್ಧಾರವಾದರೂ ಈಗಲೇ ನಮಗೆ ಗೊತ್ತಿರುತ್ತದೆ. ಅದರ ಉತ್ತರವನ್ನು ದೇವಸಂಪ್ರೀತಿಗೆ ತಕ್ಕಂತೆ ಇಂದೇ ನಿಶ್ಚಯಿಸಿಕೊಳ್ಳೋಣ.